ಬಲಗೈಯ ಬಳೆಗಳು

ಕೈ ಮುರಿದ ಸೊಸೆಗೆ ತುತ್ತು ಮಾಡಿ ಉಣಿಸಿದ ಅತ್ತೆ ಎಂದು ನನ್ನ ಅತ್ತೆಯನ್ನು ಹೊನ್ನಾವರದ ನಮ್ಮ ಕೇರಿಯಲ್ಲಿ ಇವತ್ತಿಗೂ ಹೊಗಳುವವರಿದ್ದಾರೆ. ಹೊಗಳಲಿ. ಉಣಿಸಿದ್ದು ಸುಳ್ಳಲ್ಲ. ಹೋಗಿ ಬರುವವರ ಕಣ್ಣಿಗೆ ಬೀಳುವ ಹಾಗೆ ಜಗಲಿಯಲ್ಲಿ ಕೂರಿಸಿಕೊಂಡು, ಅನ್ನಕ್ಕೆ ಮೀನಿನ ಸಾರು ಕಲಸಿ, ಮುಳ್ಳು ಬಿಡಿಸಿ, ಉಂಡೆ ಮಾಡಿ ಬಾಯಿಗಿಟ್ಟರು. ನಾನು ಬಾಯಿ ತೆರೆದೆ, ನುಂಗಿದೆ. ಆ ತುತ್ತು ಯಾಕೆ ಬೇಕಾಯಿತು ಎಂದು ಮಾತ್ರ ಕೇರಿಯಲ್ಲಿ ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಈಗ ಯಾರೂ ಕೇಳದಿದ್ದರೂ ಹೇಳುತ್ತೇನೆ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇಲ್ಲ.

ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿ ಕೆಲವು ವರ್ಷಗಳಾಗಿದ್ದವು. ನಾನು ಕುಮಟೆಯ ಹತ್ತಿರದ ಬಾಡದವಳು. ಅಪ್ಪ ನಾನು ಚಿಕ್ಕವಳಿದ್ದಾಗಲೇ ಕಡಲಲ್ಲಿ ಮುಳುಗಿ ಹೋಗಿದ್ದ. ಅಮ್ಮ ತೆಂಗಿನ ಸಿಪ್ಪೆ ಜಜ್ಜಿ, ಕತ್ತ ತೆಗೆದು, ಹಗ್ಗ ಹೊಸೆದು ನನ್ನನ್ನು ಸಾಕಿದಳು. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಯವರೆಗೆ ಓದಿಸಿದಳು ಕೂಡ. ಪಾಸಾದ ಮೇಲೆ ಹೊನ್ನಾವರಕ್ಕೆ ಮದುವೆ ಮಾಡಿ ಕೊಟ್ಟಳು. ಗಂಡ ಮಚವೆಯಲ್ಲಿ ಕೆಲಸಕ್ಕಿದ್ದರು. ಮಚವೆ ಅಂದರೆ ಹೆಂಚು, ಕಟ್ಟಿಗೆ, ತೆಂಗಿನಕಾಯಿ ಹೇರಿಕೊಂಡು ರತ್ನಾಗಿರಿ, ಮುಂಬಯಿಯ ಕಡೆ ಹೋಗುವ ದೊಡ್ಡ ಹಾಯಿದೋಣಿ. ಮಳೆಗಾಲ ಮುಗಿದ ಮೇಲೆ ಹೊರಟರೆ ಮುಂದಿನ ಮಳೆಯ ಮೋಡ ಕಾಣುವ ಹೊತ್ತಿಗೆ ವಾಪಸು. ನಡುವಿನ ಸುದ್ದಿ ಅಂದರೆ ಬೇರೆ ಮಚವೆಯವರು ಬಂದು ಹೇಳಿದ್ದೇ ಸುದ್ದಿ.

ಗಂಡ ನೀರಿನ ಮೇಲಿರುವ ತಿಂಗಳುಗಳಲ್ಲಿ ಹೆಂಗಸಿಗೆ ನೂರೆಂಟು ಕಟ್ಟುಪಾಡು. ಸಂಜೆ ದೀಪ ಹಚ್ಚಿದ ಮೇಲೆ ತಲೆ ಬಾಚಬಾರದು. ಬರಿದಾದ ಕೊಡವನ್ನು ಬಾಗಿಲಿಗೆದುರಾಗಿ ಇಡಬಾರದು. ಎಲ್ಲಕ್ಕಿಂತ ದೊಡ್ಡದು ಬಳೆ. ಬಳೆ ಒಡೆಯಿತು ಎನ್ನುವ ಮಾತನ್ನೇ ಆಡುವಂತಿಲ್ಲ, ಹೆಚ್ಚಿತು ಎನ್ನಬೇಕು. ಅಕಸ್ಮಾತ್ ಒಂದು ಹೋದರೂ ಕೂಡಲೇ ಆ ಜಾಗಕ್ಕೆ ಅರಿಶಿನದ ದಾರ ಕಟ್ಟಬೇಕು. ಬೇಕೆಂದು ಒಡೆಯುವುದಂತೂ ಗಂಡನನ್ನು ಕೈಯಾರೆ ನೀರಿಗೆ ನೂಕಿದ ಹಾಗೆ. ಅತ್ತೆಯ ಹಿರಿಯ ಮಗ, ಅಂದರೆ ನನ್ನ ಗಂಡನ ಅಣ್ಣ, ಕಡಲಿನಿಂದ ಬಾರದೆ ಹೋದ ವಾರವೇ ಅವನ ಹೆಂಡತಿಯ ಬಳೆ ಒರಳಿಗೆ ತಾಗಿ ಹೋಗಿತ್ತಂತೆ. ಆ ಸೊಸೆ ತವರಿಗೆ ಹೋದವಳು ಮತ್ತೆ ಬರಲಿಲ್ಲ. ಅತ್ತೆಗಿದ್ದದ್ದು ಹೊಟ್ಟೆಯ ಹೆದರಿಕೆ, ನಾಟಕವಲ್ಲ. ಇದೆಲ್ಲ ನನಗೆ ಗೊತ್ತಿದೆ. ಗೊತ್ತಿದ್ದೂ ಸಿಟ್ಟು ಬರುತ್ತದೆ.

ನಾನು ಬಿದ್ದದ್ದು ದೋಣಿಗಳು ಬಂದು ನಿಲ್ಲುವ ಧಕ್ಕೆಯಲ್ಲಿ. ದೀಪಾವಳಿ ಕಳೆದಿತ್ತು, ಒಣಗಿಸುವ ಮೀನು ರಾಶಿ ರಾಶಿ ಬರುವ ಕಾಲ. ತಲೆಯ ಮೇಲೆ ಬುಟ್ಟಿ ಹೊತ್ತು ಮೆಟ್ಟಿಲು ಹತ್ತುವಾಗ ಪಾಚಿಯ ಮೇಲೆ ಕಾಲಿಟ್ಟೆ. ಬುಟ್ಟಿ ಉಳಿಸಲು ಹೋಗಿ ಬಲಗೈ ಊರಿದೆ. ಮಣಿಕಟ್ಟಿನ ಹತ್ತಿರ ಒಣಕಡ್ಡಿ ಮುರಿದಂತೆ ಸದ್ದಾಯಿತು. ಜೊತೆಗಿದ್ದ ಹೆಂಗಸರು ಓಡಿ ಬಂದು ಮೊದಲು ನೋಡಿದ್ದು ನನ್ನ ಬಳೆಗಳನ್ನು. ಒಂದೂ ಹೋಗಿರಲಿಲ್ಲ. ದೇವರು ದೊಡ್ಡವನು ಎಂದರು. ಕೈ ಮುರಿದು ಸೊಟ್ಟಗಾಗಿದೆ, ಗಾಜು ಗಟ್ಟಿಯಾಗಿದೆ, ದೇವರು ದೊಡ್ಡವನು.

ಮಾವ ಹೋಗಿ ಮೂಳೆ ಕಟ್ಟುವ ನಾಟಿ ವೈದ್ಯರನ್ನು ಕರೆತಂದರು. ಅವರು ಕೋಳಿಮೊಟ್ಟೆಯ ಬಿಳಿ, ಉದ್ದಿನ ಹಿಟ್ಟು, ಬಿದಿರಿನ ಚಕ್ಕೆ ಎಲ್ಲ ಹರಡಿಕೊಂಡು ಕುಳಿತು, ನನ್ನ ಕೈ ಹಿಡಿದು ನೋಡಿ, ಬಳೆ ತೆಗೆಯಬೇಕು ಎಂದರು. ಆಗಲೇ ಬಾತಿದ್ದ ಕೈಯಿಂದ ಬಳೆ ಜಾರಿಸಿ ತೆಗೆಯುವಂತಿರಲಿಲ್ಲ. ತೆಗೆಯುವುದು ಅಂದರೆ ಒಡೆಯುವುದೇ.

ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ಕೈ ಬೇಕಾರೆ ಸೊಟ್ಟ ಆಗ್ಲಿ. ಬಳೆ ಮುಟ್ಟೂದು ಬ್ಯಾಡ. ಮಗ ನೀರ ಮೇಲೆ ಇದ್ದಾನೆ."

ವೈದ್ಯರು ಬಿದಿರಿನ ಚಕ್ಕೆ ಕೆಳಗಿಟ್ಟರು. ಕೈ ಇನ್ನೂ ಬಾತುಕೊಳ್ಳುತ್ತದೆ, ಬಳೆ ಸಿಕ್ಕಿಬೀಳುತ್ತದೆ ಎಂದು ಮೆಲ್ಲಗೆ ಹೇಳಿದರು. ಅತ್ತೆ ಜಗ್ಗಲಿಲ್ಲ. ಮಾವ ಅಂಗಳದ ತೆಂಗಿನಮರ ನೋಡುತ್ತಾ ನಿಂತಿದ್ದರು. ವೈದ್ಯರು "ಆತು, ನಿಮ್ಮ ಇಷ್ಟ" ಎಂದು ಬಳೆಗಳನ್ನು ಒಂದೊಂದಾಗಿ ಮೇಲಕ್ಕೆ, ಮೊಣಕೈ ಕಡೆಗೆ ದೂಡಿದರು. ಅಲ್ಲಿ ತೋಳು ದಪ್ಪ, ಬಳೆಗಳು ಚರ್ಮಕ್ಕೆ ಕಚ್ಚಿಕೊಂಡು ನಿಂತವು. ಕೆಳಗೆ ಮೂಳೆ ಎಳೆದು ಕೂರಿಸಿ ಕಟ್ಟು ಕಟ್ಟಿದರು. ಗೊತ್ತಿಲ್ಲದೆ ಮಾಡಿದವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಈ ಮನುಷ್ಯನಿಗೆ ಗೊತ್ತಿತ್ತು. ಗೊತ್ತಿದ್ದೂ ನಿಮ್ಮ ಇಷ್ಟ ಎಂದು ಹೇಳಿ, ಎಲೆ ಅಡಿಕೆ ಹಾಕಿಕೊಂಡು ಹೋದರು. ಯಾರ ಇಷ್ಟ? ಕೈ ನನ್ನದು. ನನ್ನನ್ನು ಕೇಳಿದವರು ಯಾರು?

ಆಮೇಲೆ ಶುರುವಾಯಿತು ತುತ್ತಿನ ಕತೆ. ಬಲಗೈ ಕಟ್ಟಿನಲ್ಲಿದೆ. ಎಡಗೈಯಲ್ಲಿ ಉಣ್ಣುವಂತಿಲ್ಲ, ಮನೆಗೆ ಶ್ರೇಯಸ್ಸಲ್ಲ. ಹಾಗಾಗಿ ಅತ್ತೆ ಉಣಿಸಬೇಕು. ದಿನಾ ಜಗಲಿಯ ಮೇಲೆ ಈ ಸೇವೆ ನಡೆಯಿತು. ದಾರಿಯಲ್ಲಿ ಹೋಗುವವರು ನಿಂತು, ಇಂಥ ಅತ್ತೆ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ನನಗೇ ಹೇಳಿ ಹೋಗುತ್ತಿದ್ದರು. ನಾನು ಬಾಯಿತುಂಬ ಅನ್ನ ಇಟ್ಟುಕೊಂಡು ತಲೆಯಾಡಿಸುತ್ತಿದ್ದೆ. ಕಟ್ಟಿನ ಹೊರಗೆ ಕಾಣುತ್ತಿದ್ದ ನನ್ನ ಬೆರಳುಗಳು ಬಾತು ಬದನೆಕಾಯಿಯ ಬಣ್ಣಕ್ಕೆ ತಿರುಗಿದವು. ನೋವಾಗುತ್ತದೆ ಎಂದೆ. ಮುರಿದ ಕೈ ನೋಯದೆ ಇರುತ್ತದೆಯೇ ಎಂದರು. ಆಮೇಲೆ ನೋವು ಕಡಿಮೆಯಾಗುತ್ತಾ ಬಂತು. ಮುಟ್ಟಿದರೆ ಮುಟ್ಟಿದ್ದು ಗೊತ್ತಾಗದ ಹಾಗಾಯಿತು. ಅದನ್ನು ಹೇಳಿದಾಗ ಅತ್ತೆಗೆ ಸಮಾಧಾನವಾಯಿತು. ಗುಣ ಆಗುತ್ತಿದೆ ಎಂದರು.

ಸುದ್ದಿ ತಿಳಿದು ಅಮ್ಮ ಬಾಡದಿಂದ ಬಂದಳು. ವಿಧವೆಯಾದ್ದರಿಂದ ಬೆಳಗಿನ ಹೊತ್ತು ಬೀಗರ ಮನೆಯ ಮುಂಬಾಗಿಲಿಗೆ ಎದುರಾಗಬಾರದೆಂದು ಬಿಸಿಲು ಏರುವ ತನಕ ಬಸ್ಸು ನಿಲ್ಲುವಲ್ಲಿ ಕುಳಿತಿದ್ದು ಆಮೇಲೆ ಹಿತ್ತಿಲಿನಿಂದ ಬಂದಿದ್ದಳು. ಅಷ್ಟು ಅಂಜುವ ಹೆಂಗಸು ಅವಳು. ಅತ್ತೆ ನನಗೆ ಉಣಿಸುತ್ತಿದ್ದರು. ಅಮ್ಮ ನನ್ನ ಮುಖ ನೋಡಲಿಲ್ಲ, ಬೆರಳು ನೋಡಿದಳು.

"ಬೆರಳು ಆಡ್ಸು" ಎಂದಳು.

ಆಡಿಸಲು ನೋಡಿದೆ. ಯಾವುದೂ ಅಲುಗಲಿಲ್ಲ.

ಅಮ್ಮ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಜಗಲಿಯ ಮೂಲೆಯಲ್ಲಿ ಅತ್ತೆ ಅಡಿಕೆ ಕುಟ್ಟುವ ಕಲ್ಲಿತ್ತು. ಅದನ್ನು ತೆಗೆದುಕೊಂಡು ಬಂದು ನನ್ನ ಪಕ್ಕ ಕುಳಿತಳು. ಏನು ಮಾಡುತ್ತಾಳೆಂದು ಅತ್ತೆಗೆ ಹೊಳೆಯುವುದರೊಳಗೆ ಮೊದಲನೇ ಬಳೆ ಹೋಗಿತ್ತು. ಅತ್ತೆ ಅನ್ನದ ಕೈಯಲ್ಲೇ ಅವಳ ರಟ್ಟೆ ಹಿಡಿದು ಎಳೆದರು. ಅಮ್ಮ ಬಿಡಿಸಿಕೊಂಡು ಮತ್ತೆ ಹೊಡೆದಳು. ಗಾಜಿನ ಚೂರು ಚರ್ಮಕ್ಕೆ ಹೊಕ್ಕು ರಕ್ತ ಬಂತು. ನನಗೆ ಒಂದೂ ಗೊತ್ತಾಗಲಿಲ್ಲ. ರಂಡೆಯ ಕೈಯಲ್ಲಿ ಮುತ್ತೈದೆಯ ಬಳೆ, ನನ್ನ ಮಗನ ಗತಿ ಏನು ಎಂದು ಅತ್ತೆ ಎದೆ ಬಡಿದುಕೊಂಡು ಅತ್ತರು. ಕೊನೆಯ ಬಳೆ ಹೋದ ಮೇಲೆ ಅಮ್ಮ ಕಲ್ಲನ್ನು ಅದರ ಜಾಗದಲ್ಲಿ ಇಟ್ಟಳು.

"ಇವಳಪ್ಪ ಮುಳುಗಿದ ದಿವ್ಸ" ಎಂದಳು, "ನನ್ನ ಎರಡೂ ಕೈತುಂಬ ಬಳೆ ಇತ್ತು."

ಅತ್ತೆ, ಮಗ ಜೀವಂತ ಬರುವ ತನಕ ತಾಯಿ ಮಗಳಿಬ್ಬರೂ ಈ ಮೆಟ್ಟಿಲು ತುಳಿಯಬಾರದು ಎಂದರು. ಮಾವ ಮತ್ತೆ ತೆಂಗಿನಮರ ನೋಡುತ್ತಿದ್ದರು. ಆ ಮರದಲ್ಲಿ ಅಂಥದ್ದೇನಿತ್ತೋ.

ಅಮ್ಮ ನನ್ನನ್ನು ಅಲ್ಲಿಂದ ನೇರ ಕುಮಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಬಸ್ಸಿನಲ್ಲಿ ಕೈಗೆ ಜೀವ ವಾಪಸು ಬರತೊಡಗಿತು. ಕೆಂಡದಲ್ಲಿ ಕೈಯಿಟ್ಟ ಹಾಗೆ ಉರಿ. ಹಲ್ಲು ಕಚ್ಚಿ ಕುಳಿತಿದ್ದೆ. ಡಾಕ್ಟರು ಕಟ್ಟು ಬಿಚ್ಚಿ ನೋಡಿ ಕೆಂಡಾಮಂಡಲವಾದರು. ಇನ್ನೊಂದಿಷ್ಟು ದಿನ ಬಿಟ್ಟಿದ್ದರೆ ಕೈಯನ್ನೇ ಕತ್ತರಿಸಬೇಕಿತ್ತು, ನಿಮಗೆಲ್ಲ ಬುದ್ಧಿ ಯಾವಾಗ ಬರುತ್ತದೆ ಎಂದು ಬೈದರು. ಬೈದದ್ದು ಅಮ್ಮನಿಗೆ. ಬಳೆ ಉಳಿಸಿದವಳು ನಾನಲ್ಲ, ಒಡೆದವಳು ನಾನು ಎಂದು ಅಮ್ಮ ಹೇಳಬಹುದಿತ್ತು. ಹೇಳಲಿಲ್ಲ. ತಲೆ ತಗ್ಗಿಸಿ ಬೈಸಿಕೊಂಡಳು. ಒಡೆದದ್ದಕ್ಕೂ ಬೈಗುಳ ಅವಳಿಗೆ, ಒಡೆಯದ್ದಕ್ಕೂ ಬೈಗುಳ ಅವಳಿಗೆ. ನನಗೆ ಡಾಕ್ಟರ ಮೇಲೆ ಬಂದ ಸಿಟ್ಟಿನಲ್ಲಿ ಕೈಯ ಉರಿ ಒಂದು ನಿಮಿಷ ಮರೆತುಹೋಯಿತು.

ಪ್ಲಾಸ್ಟರ್ ಹಾಕಿ ಕಳಿಸಿದರು. ಪ್ಲಾಸ್ಟರ್ ಇರುವ ತನಕ ಬಾಡದಲ್ಲಿ ಅಮ್ಮ ಉಣಿಸಿದಳು. ಅದನ್ನು ತೆಗೆಯುವ ದಿನ ಮೂಳೆ ಚೆನ್ನಾಗಿ ಕೂಡಿದೆ ಎಂದು ಅದೇ ಡಾಕ್ಟರು ಸಂತೋಷಪಟ್ಟರು. ಒಳಗಿನಿಂದ ಹೊರಬಂದ ಕೈ ನನ್ನದೆಂದು ಅನ್ನಿಸಲಿಲ್ಲ. ಕೋಲಿನ ಹಾಗೆ ಸಣ್ಣಗೆ, ಬೆಳ್ಳಗೆ, ಹೊಟ್ಟು ಎದ್ದ ಚರ್ಮ. ಬೆರಳುಗಳು ಅರ್ಧ ಮಡಚಿಕೊಂಡು ಹಾಗೇ ನಿಂತಿದ್ದವು. ಪೂರ್ತಿ ಮುಚ್ಚುವುದಿಲ್ಲ, ಪೂರ್ತಿ ಬಿಚ್ಚುವುದಿಲ್ಲ. ಅಂಗೈ ನೆಲ ನೋಡುತ್ತಿತ್ತು. ಮೇಲ್ಮುಖ ಮಾಡು ಎಂದರೆ ಭುಜ ತಿರುಗುತ್ತಿತ್ತು, ಕೈ ತಿರುಗುತ್ತಿರಲಿಲ್ಲ. ಡಾಕ್ಟರು ನೇರವಾಗಿಯೇ ಹೇಳಿದರು: ನನ್ನ ಕೆಲಸ ಮುಗಿಯಿತು, ಬಿಸಿನೀರಿನಲ್ಲಿ ಇಟ್ಟು ದಿನವಿಡೀ ಆಡಿಸಬೇಕು, ಹಿಂಡಬೇಕು, ತಿರುಗಿಸಬೇಕು, ನೋವಾಗುತ್ತದೆಂದು ಬಿಟ್ಟರೆ ಜೀವಮಾನವಿಡೀ ಹೀಗೇ.

ಆಗ ನನಗೊಂದು ಸತ್ಯ ಗೊತ್ತಾಯಿತು. ತುತ್ತು ಬಾಯಿಗೆ ಹೋಗಬೇಕಾದರೆ ಅಂಗೈ ತಿರುಗಬೇಕು. ನಾವು ಅದನ್ನು ಗಮನಿಸುವುದೇ ಇಲ್ಲ. ಅನ್ನ ಹಿಡಿಯಲು ಬೆರಳು ಕೂಡಬೇಕು, ಬಾಯಿಗಿಡಲು ಕೈ ಮಗುಚಬೇಕು. ನನ್ನ ಕೈ ಎರಡನ್ನೂ ಮರೆತಿತ್ತು. ನನ್ನ ಅನ್ನ ನನ್ನ ಕೈಯಿಂದ ಉಣ್ಣಲಾಗದೆ ಹೋದರೆ, ಇನ್ನೊಬ್ಬರ ತುತ್ತಿಗೆ ಬಾಯಿ ತೆರೆದುಕೊಂಡೇ ಮುದುಕಿಯಾಗಬೇಕು. ಅದೂ ಆ ಜಗಲಿಯಲ್ಲಿ. ನೆನೆದರೆ ಮೈ ಉರಿಯುತ್ತಿತ್ತು.

ಅಮ್ಮ ಮುಂದೆಯೂ ಉಣಿಸುತ್ತಾಳೆಂದುಕೊಂಡಿದ್ದೆ. ಉಣಿಸಲಿಲ್ಲ. ಪ್ಲಾಸ್ಟರ್ ತೆಗೆದ ಮೇಲೆ ಬಾಡದ ನಮ್ಮ ಗುಡಿಸಿಲಿನಲ್ಲಿ ಮೊದಲ ಮಧ್ಯಾಹ್ನವೇ ಬಟ್ಟಲಲ್ಲಿ ಕುಚ್ಚಿಗೆ ಅಕ್ಕಿಯ ಅನ್ನ ಬಡಿಸಿ, ನನ್ನ ಮುಂದಿಟ್ಟು, ಬೆನ್ನು ತಿರುಗಿಸಿ ಕುಳಿತಳು.

"ಬಲಗೈಲೇ ಉಣ್ಣು. ಬೀಳೂದು ಬೀಳ್ಲಿ. ನಾ ನೋಡೂದಿಲ್ಲ" ಎಂದಳು.

ಬಿತ್ತು. ಅರ್ಧಕ್ಕರ್ಧ ಮಡಿಲಿಗೆ ಬಿತ್ತು. ಕೈ ಬಾಯಿಗೆ ಬಾರದ್ದಕ್ಕೆ ಬಾಯಿಯನ್ನೇ ಕೈಯ ಹತ್ತಿರ ತಗ್ಗಿಸಿ ಉಂಡೆ. ನಾಯಿಯ ಹಾಗೆ ಉಣ್ಣುತ್ತಿದ್ದೇನೆ ಅನ್ನಿಸಿ ಬಟ್ಟಲನ್ನು ದೂಡಿಬಿಟ್ಟೆ. ಅಮ್ಮ ತಿರುಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದು, ಚೆಲ್ಲಿದ್ದನ್ನು ಗುಡಿಸಿ ಕೋಳಿಗೆ ಹಾಕಿ, ಬಟ್ಟಲು ತೊಳೆದಿಟ್ಟಳು. ರಾತ್ರಿಯೂ ಅದೇ ಬಟ್ಟಲು, ಅದೇ ಬೆನ್ನು. ಆ ಬೆನ್ನಿನ ಮೇಲೆ ನನಗೆ ಬಂದ ಸಿಟ್ಟು ಅತ್ತೆಯ ಮೇಲೂ ಬಂದಿರಲಿಲ್ಲ.

ಕೆಲಸವೂ ಹಾಗೆಯೇ ಕೊಟ್ಟಳು. ನಮ್ಮ ಮನೆಯ ಕೆಲಸವೇ ಕತ್ತ. ಹಿನ್ನೀರಿನ ಕೆಸರಿನಲ್ಲಿ ತಿಂಗಳುಗಟ್ಟಲೆ ಹೂತು ಕೊಳೆಸಿದ ಸಿಪ್ಪೆಯನ್ನು ತೆಗೆದು, ಕಲ್ಲಿನ ಮೇಲಿಟ್ಟು ಕೊಡತಿಯಿಂದ ಜಜ್ಜಿ, ನಾರು ಬಿಡಿಸಿ ಒಣಗಿಸಿ, ಆಮೇಲೆ ಎರಡು ಅಂಗೈ ನಡುವೆ ಹೊಸೆದು ಹುರಿ ಮಾಡುವುದು. ಮೊದಲು ನನ್ನ ಮಡಚಿದ ಬೆರಳುಗಳೊಳಗೆ ಒಣ ನಾರಿನ ಉಂಡೆ ತುರುಕಿ, ಬಿಡಬೇಡ, ಹಿಚುಕುತ್ತಿರು ಎಂದಳು. ಆಮೇಲೆ ಹಸಿ ಸಿಪ್ಪೆ ಬಿಡಿಸುವುದು. ಆಮೇಲೆ ಹೊಸೆಯುವುದು. ಹೊಸೆಯುವಾಗ ಬಲಗೈ ಎಡಗೈಯ ಮೇಲೆ ಉದ್ದಕ್ಕೂ ಜಾರಬೇಕು, ಬೆರಳಿನ ತುದಿಯವರೆಗೆ ನೆಟ್ಟಗಾಗಬೇಕು. ನನ್ನದು ಅರ್ಧಕ್ಕೇ ನಿಲ್ಲುತ್ತಿತ್ತು. ನಾರು ಅಂಗೈಗೆ ಚುಚ್ಚಿ ಬೊಕ್ಕೆ ಎದ್ದು ಒಡೆದು ಮತ್ತೆ ಎದ್ದವು. ನಾನು ಹೊಸೆದ ಹುರಿ ಒಂದು ಕಡೆ ಹೆಬ್ಬೆರಳಿನಷ್ಟು ದಪ್ಪ, ಇನ್ನೊಂದು ಕಡೆ ನೂಲಿನಷ್ಟು ಸಣ್ಣ. ಅಮ್ಮ ಅದನ್ನು ಎಳೆದು ನೋಡುತ್ತಿದ್ದಳು, ಪಟ್ಟನೆ ಹರಿಯುತ್ತಿತ್ತು. ಬಿಚ್ಚಿ ನಾರು ಮಾಡಿ ಮತ್ತೆ ನನ್ನ ಮುಂದೆ ಇಡುತ್ತಿದ್ದಳು. ಒಂದು ದಿನ ಕೊಡತಿಯನ್ನು ಎಡಗೈಯಲ್ಲಿ ಎತ್ತಿ ಅಂಗಳಕ್ಕೆ ಎಸೆದೆ. ನನ್ನನ್ನು ಇಲ್ಲಿ ಜೀತಕ್ಕೆ ಕರೆತಂದೆಯಾ ಎಂದು ಕೂಗಾಡಿದೆ. ಅವಳು ಹೋಗಿ ಕೊಡತಿ ಎತ್ತಿ ತಂದಳು. "ನಾಳೆ ಬಲಗೈಲಿ ಎಸೀ" ಎಂದಳು.

ಎಸೆದೆ. ನಾಳೆಯಲ್ಲ, ಎಷ್ಟೋ ದಿನಗಳ ಮೇಲೆ. ಬಲಗೈಯಲ್ಲಿ ಎತ್ತಲು ಬಂದ ದಿನ ಎಸೆದು ತೋರಿಸಿದೆ. ಜಗಲಿ ದಾಟಿ ಅಂಗಳದ ಅಂಚಿಗೆ ಬಿತ್ತು. ಅಮ್ಮ ನಕ್ಕಳು. ನಾನು ನಗಲಿಲ್ಲ. ನನಗೆ ನಗುವ ಮನಸ್ಸಿರಲಿಲ್ಲ.

ಊರಿನ ಹೆಂಗಸರು ಈ ನಡುವೆ ಸುಮ್ಮನಿರಲಿಲ್ಲ. ತನ್ನ ಕುಂಕುಮ ಹೋದವಳು ಮಗಳದ್ದನ್ನೂ ಒರೆಸಿದಳು ಎಂದು ಬಾವಿಕಟ್ಟೆಯಲ್ಲಿ ಆಡಿಕೊಂಡರು. ನಾನಿದ್ದೇನೆಂದು ಗೊತ್ತಿದ್ದೇ ಆಡಿದರು. ಅಮ್ಮನಿಗೆ ಇದೆಲ್ಲ ತಾಗುವುದೇ ಇಲ್ಲ ಎಂದು ನಾನು ತಿಳಿದಿದ್ದೆ. ಆದರೆ ಬೆಳಿಗ್ಗೆ ಎದ್ದರೆ ಅವಳು ಮನೆಯಲ್ಲಿ ಇರುತ್ತಿರಲಿಲ್ಲ. ಸಿಪ್ಪೆ ನೋಡಿ ಬರುತ್ತೇನೆ ಎಂದು ಹೋಗುತ್ತಿದ್ದಳು. ಸಿಪ್ಪೆ ಹೂತದ್ದು ಹಿನ್ನೀರಿನ ಕಡೆ, ಅವಳು ಹೋಗುತ್ತಿದ್ದದ್ದು ಕಡಲಿನ ಕಡೆ. ಒಂದು ದಿನ ಹಿಂದೆಯೇ ಹೋಗಿ ನೋಡಿದೆ. ದೂರದಲ್ಲಿ ಹಾದುಹೋಗುವ ಹಾಯಿಗಳನ್ನು ನೋಡುತ್ತಾ ನಿಂತಿದ್ದಳು. ಬರಿಯ ಎರಡು ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಿದ್ದಳು. ಕಲ್ಲು ಎತ್ತಿದ ದಿನ ಇಲ್ಲದ ಹೆದರಿಕೆ ಅವಳ ಮುಖದಲ್ಲಿತ್ತು. ನಾನು ಕಾಣಿಸಿಕೊಳ್ಳದೆ ಹಿಂತಿರುಗಿದೆ. ಅವಳಿಗೂ ಒಳಗೊಳಗೆ ಅದೇ ನಂಬಿಕೆ ಇತ್ತು, ಅತ್ತೆಗಿದ್ದದ್ದೇ. ಅಷ್ಟಾದರೂ ನನ್ನ ಕೈಯನ್ನು ಆರಿಸಿಕೊಂಡಳು. ಅವತ್ತಿನಿಂದ ನಾನು ಹೊಸೆಯುವಾಗ ಬಾಯಿ ಮಾಡುವುದನ್ನು ಬಿಟ್ಟೆ. ಸಿಟ್ಟನ್ನೆಲ್ಲ ನಾರಿಗೆ ಹಾಕಿದೆ.

ಮಾವಿನ ಮಿಡಿ ಬಲಿಯುವ ಹೊತ್ತಿಗೆ ನನ್ನ ಹುರಿ ಅಮ್ಮನ ಕೈಯಲ್ಲಿ ಹರಿಯಲಿಲ್ಲ. ಎಳೆದಳು, ಕಾಲಿನಿಂದ ಮೆಟ್ಟಿ ಎಳೆದಳು, ನಿಂತಿತು. ಅದೇ ವಾರ ಒಂದು ಮಧ್ಯಾಹ್ನ ಅಂಗೈ ತಿರುಗಿತು. ಪೂರ್ತಿ ಅಲ್ಲ, ಈಗಲೂ ಪೂರ್ತಿ ತಿರುಗುವುದಿಲ್ಲ. ತುತ್ತು ಬಾಯಿಗೆ ಬರುವಷ್ಟು. ನೆಟ್ಟಗೆ ಕುಳಿತು ಬಟ್ಟಲಿನ ಅನ್ನ ಪೂರ್ತಿ ಉಂಡೆ. ಮಡಿಲಿನಲ್ಲಿ ಒಂದು ಅಗುಳೂ ಇರಲಿಲ್ಲ. ಉಂಡದ್ದಾಯಿತು ಎಂದೆ. ಅಮ್ಮ ಆಗ ತಿರುಗಿ ನೋಡಿದಳು. ಖಾಲಿ ಬಟ್ಟಲು ನೋಡಿದಳು, ನನ್ನ ಮಡಿಲು ನೋಡಿದಳು. "ಇನ್ನೊಂಚೂರು ಹಾಕ್ಲಾ?" ಎಂದು ಮಾತ್ರ ಕೇಳಿದಳು.

ಗಂಡ ಬಂದದ್ದು ಮಳೆ ಹಿಡಿಯುವ ಮೊದಲು. ಹೊನ್ನಾವರದಲ್ಲಿ ಇಳಿದು, ಸುದ್ದಿ ಕೇಳಿ, ಮರುದಿನವೇ ಬಾಡಕ್ಕೆ ಬಂದರು. ಅವರನ್ನು ಕಂಡ ಕೂಡಲೇ ಅಮ್ಮ ಒಳಗೆ ಹೋಗಿ ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟಳು. ನಾನೇ ಬಡಿಸಿದೆ. ಬಲಗೈಯಲ್ಲಿ. ಉಣ್ಣುತ್ತಾ ಅವರು ತಮ್ಮ ಕತೆ ಹೇಳಿದರು. ದೀಪಾವಳಿಗೆ ಮೊದಲೇ ಮಚವೆಯ ತಳದ ಹಲಗೆ ಬಿರುಕು ಬಿಟ್ಟು ರತ್ನಾಗಿರಿ ಕಡೆಯ ಮಾಲವಣದ ದಡಕ್ಕೆ ಎಳೆದಿದ್ದರಂತೆ. ಹೊಸ ಹಲಗೆ ಸಿಗುವ ತನಕ ಅಲ್ಲೇ ಠಿಕಾಣಿ. ಊಟ, ನಿದ್ದೆ, ಇಸ್ಪೀಟು. "ಮೈಗೆ ಒಂದು ಹನಿ ಉಪ್ಪುನೀರು ತಾಗ್ಲಿಲ್ಲ" ಎಂದು ನಕ್ಕರು.

ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ನನ್ನ ಬೆರಳು ಕಪ್ಪಗಾಗುತ್ತಿದ್ದಾಗ ಈ ಮನುಷ್ಯ ಮರಳಿನ ಮೇಲೆ ಕುಳಿತು ಇಸ್ಪೀಟು ಆಡುತ್ತಿದ್ದರು. ಯಾವ ನೀರಿನಿಂದ ಯಾರನ್ನು ಕಾಯಲು ಆ ಗಾಜು ನನ್ನ ತೋಳನ್ನು ಕಚ್ಚಿತ್ತು? ಅವರ ತಪ್ಪಲ್ಲ, ಗೊತ್ತು. ತಪ್ಪಲ್ಲದ್ದಕ್ಕೂ ಸಿಟ್ಟು ಬರುತ್ತದೆ. ಸಾರನ್ನು ಅವರ ಬಟ್ಟಲಿಗೆ ಸುರಿದು ಒಳಗೆ ಹೋದೆ.

ಹೊನ್ನಾವರಕ್ಕೆ ಮರಳಿದಾಗ, ಮಾಲವಣದ ಕತೆ ಕೇಳಿ ಅತ್ತೆಗೆ ನಾಚಿಕೆಯಾಗಬಹುದು ಎಂಬ ಆಸೆ ಎಲ್ಲೋ ಇತ್ತು. ನಾಚಿಕೆಯೇ? ನೋಡಿದೆಯಾ, ನಾನು ಬಳೆ ಉಳಿಸಿದ್ದಕ್ಕೇ ಹಲಗೆ ದಡದ ಹತ್ತಿರ ಬಿರುಕು ಬಿಟ್ಟದ್ದು, ನಡುನೀರಿನಲ್ಲಿ ಬಿಟ್ಟಿದ್ದರೆ ಗತಿ ಏನಿತ್ತು ಎಂದು ಕೇರಿಗೆಲ್ಲ ಹೇಳಿಕೊಂಡು ಬಂದರು. ಹಲಗೆ ಬಿರುಕು ಬಿಟ್ಟದ್ದು ನಾನು ಬೀಳುವ ಮೊದಲೇ ಎಂಬ ಲೆಕ್ಕ ಯಾರಿಗೂ ಬೇಕಿರಲಿಲ್ಲ. ಗಂಡ ತಮ್ಮ ತಾಯಿಗೆ ಎದುರು ಮಾತಾಡಲಿಲ್ಲ, ನನಗೂ ಏನೂ ಹೇಳಲಿಲ್ಲ. ಒಳ್ಳೆಯ ಮನುಷ್ಯ. ಒಳ್ಳೆಯವನೆನಿಸಿಕೊಳ್ಳಲು ಗಂಡಸಿಗೆ ಸುಮ್ಮನಿದ್ದರೆ ಸಾಕು.

ಕೆಲವೇ ದಿನಗಳಲ್ಲಿ ಭಟ್ಕಳದಿಂದ ಬಳೆಗಾರರು ಹೊಳೆ ದಾಟಿ ಬಂದರು. ವರ್ಷಕ್ಕೆ ಎರಡು ಸಲ ಬರುತ್ತಿದ್ದವರು, ಮನೆಯವರೆಲ್ಲರ ಕೈಯಳತೆ ಗೊತ್ತಿದ್ದವರು. ಅತ್ತೆ ಜಗಲಿಯಲ್ಲಿ ಚಾಪೆ ಹಾಸಿ ನನ್ನನ್ನು ಕೂರಿಸಿದರು. ನಾನು ಎಡಗೈ ನೀಡಿದೆ. ಬಳೆಗಾರರು ಬೆರಳುಗಳನ್ನು ಒತ್ತಿ ಹಿಡಿದು ಹಸಿರು ಬಳೆ ತೊಡಿಸಿದರು. ಬಲಗೈ ಎಂದರು. ನಾನು ಬಲಗೈಯನ್ನು ಮಡಿಲಲ್ಲೇ ಇಟ್ಟುಕೊಂಡೆ.

ಅತ್ತೆ ನನ್ನ ಮೊಣಕೈ ಹಿಡಿದರು. ಆ ಕೈಯನ್ನು ನಾನು ಮುಷ್ಟಿ ಮಾಡಿದೆ. ತಿಂಗಳುಗಟ್ಟಲೆ ನಾರು ಹಿಚುಕಿದ ಮುಷ್ಟಿ. ಅವರು ಒಂದೊಂದೇ ಬೆರಳು ಬಿಡಿಸಲು ನೋಡಿದರು, ಬಿಡಿಸಲಾಗಲಿಲ್ಲ.

"ಎಡಗೈದು ಅವರ ಆಯುಷ್ಯಕ್ಕೆ ಸಾಕು" ಎಂದೆ. "ಈ ಕೈ ನಂಗೆ ಕ್ಯಾಮೆ ಮಾಡೂಕೆ ಬೇಕು."

ಬಳೆಗಾರರು ನಮ್ಮಿಬ್ಬರ ಮುಖ ನೋಡಿ, ಗಂಟು ಕಟ್ಟಿಕೊಂಡು ಎದ್ದರು. ಆ ದಿನದಿಂದ ನನ್ನ ಬಲಗೈ ಬರಿದು. ಮದುವೆ, ಮುಂಜಿ, ಸೀಮಂತ, ಎಲ್ಲಿ ಹೋದರೂ ಹೆಂಗಸರ ಕಣ್ಣು ಅಲ್ಲಿಗೇ. ಆ ಕೈಯಲ್ಲೇ ಬಾವಿಯಿಂದ ನೀರು ಸೇದಿದೆ, ಮೀನಿನ ಬುಟ್ಟಿ ಎತ್ತಿದೆ, ಮಕ್ಕಳನ್ನು ಎತ್ತಿದೆ. ಈಗ ಬರೆಯುತ್ತಿರುವುದೂ ಅದರಲ್ಲೇ. ಅಕ್ಷರ ಸ್ವಲ್ಪ ಎಡಕ್ಕೆ ವಾಲುತ್ತದೆ.

ಅರವತ್ತರ ದಶಕ ಮುಗಿಯುವ ಮೊದಲೇ ಗಂಡ ಹೋದರು. ನೀರಿನ ಮೇಲಲ್ಲ. ಮಳೆಗಾಲದಲ್ಲಿ, ಮಚವೆ ದಡದಲ್ಲಿ ತೆಂಗಿನ ಮಡಲು ಹೊದ್ದು ಮಲಗಿದ್ದಾಗ, ಮನೆಯ ಮಂಚದ ಮೇಲೆ, ಜ್ವರ ಬಂದು. ಅಷ್ಟು ವರ್ಷ ಕಡಲಿಗೆ ಹೆದರಿದ ಮನೆಯ ಒಳಗೇ ಸಾವು ಬಂದು ಕುಳಿತಿತ್ತು. ಅವರಿಗಾಗಿ ನಾನು ಅತ್ತದ್ದು ನಿಜ, ಅದನ್ನು ಇಲ್ಲಿ ಬರೆಯುವುದಿಲ್ಲ. ಕೇರಿಯ ಹೆಂಗಸರು ಬಂದು ನನ್ನನ್ನು ಕಲ್ಲಿನ ಮುಂದೆ ಕೂರಿಸಿ ಎಡಗೈಯ ಬಳೆಗಳನ್ನು ಒಡೆದರು. ಆಮೇಲೆ ಅಭ್ಯಾಸಬಲದಿಂದ ಬಲಗೈಯನ್ನೂ ಎಳೆದು ಕಲ್ಲಿನ ಮೇಲಿಟ್ಟರು. ಅಲ್ಲಿ ಒಡೆಯಲು ಏನೂ ಇರಲಿಲ್ಲ. ಏನು ಮಾಡಬೇಕೆಂದು ತೋಚದೆ ಒಬ್ಬರನ್ನೊಬ್ಬರು ನೋಡಿಕೊಂಡರು. ಮೂಲೆಯಲ್ಲಿ ಬಿದ್ದುಕೊಂಡಿದ್ದ ಅತ್ತೆ, ಅವನ ಆಯುಷ್ಯ ಇವಳ ತಾಯಿ ಕಲ್ಲು ಎತ್ತಿದ ದಿನವೇ ಹೋಗಿತ್ತು ಎಂದರು. ಬದುಕಿ ಬಂದದ್ದು ಅವರು ಬಳೆ ಉಳಿಸಿದ್ದಕ್ಕೆ, ಸತ್ತದ್ದು ನನ್ನ ಅಮ್ಮ ಒಡೆದದ್ದಕ್ಕೆ. ನಾನು ಕಲ್ಲಿನ ಮೇಲಿಂದ ಕೈ ಕಿತ್ತುಕೊಂಡೆ.

ಆಮೇಲೆ ಅತ್ತೆ ಊಟ ಬಿಟ್ಟರು. ಸೂತಕ ಕಳೆದು ಒಲೆಗೆ ಮೀನು ಬಂದ ಮೇಲೂ ಬಟ್ಟಲಿಗೆ ಕೈ ಹಾಕಲಿಲ್ಲ. ಎರಡೂ ಗಂಡುಮಕ್ಕಳು ಹೋದ ಮೇಲೆ ಯಾರಿಗಾಗಿ ಉಣ್ಣಲಿ ಎನ್ನುತ್ತಾ ಜಗಲಿಯ ಕಂಬಕ್ಕೆ ಒರಗಿ ದಿನದಿನಕ್ಕೆ ಸಣ್ಣಗಾಗುತ್ತಿದ್ದರು. ನೆರೆಯವರು ಬಂದು ಬುದ್ಧಿ ಹೇಳಿ ಹೋಗುತ್ತಿದ್ದರು. ಒಂದು ಮಧ್ಯಾಹ್ನ ನನಗೆ ತಡೆಯಲಾಗಲಿಲ್ಲ. ಬಟ್ಟಲು ತೆಗೆದುಕೊಂಡು ಹೋಗಿ ಅವರ ಎದುರಿಗೆ ಕುಳಿತೆ, ದಾರಿಯಲ್ಲಿ ಹೋಗುವವರಿಗೆ ಕಾಣುವ ಹಾಗೆ. ಬಳೆಯಿಲ್ಲದ ಬಲಗೈಯಲ್ಲಿ ಅನ್ನ ಕಲಸಿ ಉಂಡೆ ಮಾಡಿ ಬಾಯಿಯ ಹತ್ತಿರ ಹಿಡಿದೆ. ಅವರು ನನ್ನ ಮುಖ ನೋಡಿದರು, ಆಮೇಲೆ ಕೈ ನೋಡಿದರು, ಬಹಳ ಹೊತ್ತು. ಬಾಯಿ ತೆರೆದರು, ನುಂಗಿದರು. ಪ್ರೀತಿಯಿಂದ ಉಣಿಸಿದೆ ಎಂದು ಯಾರೂ ಹೇಳದಿರಲಿ. ಸಿಟ್ಟಿನಲ್ಲೇ ಉಣಿಸಿದೆ, ಆದರೆ ಮುಳ್ಳು ಬಿಡಿಸಿಯೇ ಉಣಿಸಿದೆ.